ಚಾಕೊಲೇಟ್ ಡಬ್ಬಿ, ಇಬ್ಬರು ಹುಡುಗರು: ಹಗುರವಾದ ಕ್ರಿಸ್‌ಮಸ್ ಪ್ರೇಮಕಥೆ ಬರೆಯಲು ಸಮಗ್ರ ಮಾರ್ಗದರ್ಶಿ

ಇಬ್ಬರು ಗಂಡಸರ ಪ್ರೇಮಕಥೆ ಬರೆಯೋಣ ಅಂತ ಕೂತರೆ ಪೆನ್ನು ತಾನಾಗಿಯೇ ಕಣ್ಣೀರಿನ ಕಡೆ ಓಡುತ್ತದೆ. ಮೊದಲ ಪುಟದಲ್ಲಿ ಗುಟ್ಟು, ಮೂರನೇ ಪುಟದಲ್ಲಿ ಅಪ್ಪನ ಕೋಪ, ಕೊನೇ ಪುಟದಲ್ಲಿ ರೈಲ್ವೆ ಸ್ಟೇಷನ್. ಅಂಥ ಕಥೆಗಳು ಬೇಡ ಅಂತಲ್ಲ. ಆದರೆ ಓದಿ ಮುಗಿಸಿ, ನಗುತ್ತಾ ಎದ್ದು ಹೋಗಿ ಕಾಫಿ ಮಾಡಿಕೊಳ್ಳುವಂಥ ಸುಮ್ನೆ ಖುಷಿಯ ಕಥೆ ಇವರಿಗೂ ಒಂದು ಇರಲಿ, ಅಲ್ವಾ? ಅಂಥ ಒಂದು ಸಣ್ಣಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಗೆ ಕಟ್ಟುವುದು ಅಂತ ಇಲ್ಲಿ ಹೇಳುತ್ತೇನೆ. ಹಬ್ಬ ಕ್ರಿಸ್‌ಮಸ್. ಊರು ಮಂಗಳೂರು. ಇಬ್ಬರನ್ನು ಜೋಡಿಸುವುದು ಮನೆಯಲ್ಲೇ ಮಾಡಿದ ಚಾಕೊಲೇಟ್.

ಒಂದು ಷರತ್ತು. ಚಾಕೊಲೇಟನ್ನು ತೆಗೆದು ಆ ಜಾಗದಲ್ಲಿ ಹೂವಿನ ಬೊಕೆ ಇಟ್ಟರೂ ಕಥೆ ಹಾಗೇ ನಡೆಯುತ್ತದೆ ಅಂತಾದರೆ, ಅದು ಚಾಕೊಲೇಟ್ ಕಥೆಯಲ್ಲ, ಚಾಕೊಲೇಟ್ ಅಂಟಿಸಿದ ಕಥೆ. ಚಾಕೊಲೇಟಿಗೆ ತನ್ನದೇ ಹಟಗಳಿವೆ. ಬಿಸಿಗೆ ಕರಗುತ್ತದೆ, ನೀರು ತಾಗಿದರೆ ಗಂಟಾಗುತ್ತದೆ, ಆತುರ ಮಾಡಿದರೆ ಮೈಮೇಲೆ ಬೂದು ಬರುತ್ತದೆ. ಆ ಹಟಗಳೇ ಇಬ್ಬರನ್ನೂ ಒಂದೇ ಅಡುಗೆಮನೆಗೆ ತಂದು ನಿಲ್ಲಿಸಬೇಕು. ಮುಂದಿನದ್ದೆಲ್ಲ ಈ ಷರತ್ತಿನ ಮೇಲೆ ನಿಂತಿದೆ.

ಮೊದಲು ಕೊನೆಯನ್ನು ಬರೆದಿಡಿ

ಹಗುರ ಪ್ರೇಮಕಥೆಯಲ್ಲಿ ಇಬ್ಬರೂ ಸೇರುತ್ತಾರಾ ಇಲ್ವಾ ಅನ್ನೋದು ಪ್ರಶ್ನೆಯೇ ಅಲ್ಲ. ಸೇರುತ್ತಾರೆ. ಓದುಗರು ಆ ನಂಬಿಕೆ ಇಟ್ಟುಕೊಂಡೇ ಬಂದಿರುತ್ತಾರೆ. ಅವರಿಗೆ ಬೇಕಿರುವುದು ಹೇಗೆ ಅನ್ನೋದು. ಹಾಗಾಗಿ ಕೊನೆಯ ದೃಶ್ಯವನ್ನು ನಾಲ್ಕು ಸಾಲಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ನಡುವೆ ದಾರಿ ತಪ್ಪಿದಾಗೆಲ್ಲ ಅದನ್ನು ನೋಡಿಕೊಳ್ಳಬಹುದು.

ಆದರೆ ಯಾವ ಕೊನೆ? ಹುಡುಗ ಹುಡುಗಿಯ ಕಥೆಯಾಗಿದ್ದರೆ ಮದುವೆ ಊಟ ಹಾಕಿಸಿ ಮುಗಿಸಬಹುದಿತ್ತು. ಇಲ್ಲಿ ಆ ದಾರಿ ಇಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಒಪ್ಪಿಗೆಯಿರುವ ವಯಸ್ಕರ ಸಂಬಂಧಕ್ಕೆ ಅನ್ವಯಿಸುವುದಿಲ್ಲ ಅಂತ ತೀರ್ಪು ಕೊಟ್ಟಿತು. ಅಲ್ಲಿಗೆ ಜೈಲಿನ ಭಯ ಹೋಯಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಸಿಗಲಿಲ್ಲ, ಅದು ಶಾಸನ ಮಾಡುವವರು ನೋಡಬೇಕಾದ ವಿಷಯ ಅಂತಾಯಿತು. ನಿಮ್ಮ ಕಥೆ ಇವತ್ತಿನ ಮಂಗಳೂರಲ್ಲಿ ನಡೆಯುವುದಾದರೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಮುಗಿಯುವಂತಿಲ್ಲ. ಈ ಎರಡು ತಾರೀಖುಗಳನ್ನು ಕಥೆಯಲ್ಲಿ ಬರೆಯಬೇಡಿ. ನಿಮ್ಮ ತಲೆಯಲ್ಲಿರಲಿ. ಪಾತ್ರಗಳು ಯಾವುದಕ್ಕೆ ಹೆದರುವುದಿಲ್ಲ, ಯಾವುದನ್ನು ಕೇಳುವುದಕ್ಕೆ ಹೋಗುವುದಿಲ್ಲ ಅನ್ನೋದು ಅದರಿಂದ ತಿಳಿಯುತ್ತದೆ.

ಮದುವೆ ಇಲ್ಲದಿದ್ದರೆ ಮನೆಯೊಳಗಿನ ಒಂದು ಸಣ್ಣ ಗುರುತು ಸಾಕು. ನಾನು ಉದಾಹರಣೆಗೆ ಕಟ್ಟುತ್ತಾ ಹೋಗುವ ಕಥೆಯಲ್ಲಿ ಆ ಗುರುತು ಹೀಗಿದೆ: ಕ್ರಿಸ್‌ಮಸ್ ದಿನ ನೆರೆಮನೆಗಳಿಗೆ ಹಂಚುವ ತಿಂಡಿಯ ತಟ್ಟೆಗಳನ್ನು ಅಮ್ಮ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಾರೆ. ಮಗನ ಗೆಳೆಯನ ತಟ್ಟೆ ಆ ಸಾಲಿನಲ್ಲಿಲ್ಲ. ಅವನು ಪೆಚ್ಚಾಗುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಹೊರಗಿನವರಿಗೆ ಮಾತ್ರ ತಟ್ಟೆ. ಮನೆಯವರು ಡಬ್ಬದಿಂದ ತಾವೇ ತೆಗೆದು ತಿನ್ನಬೇಕು.

ಇಬ್ಬರು ಯಾರು

ಪ್ರೀತಿಗಿಂತ ಮೊದಲು ಇಬ್ಬರಿಗೂ ಒಂದೊಂದು ಕೆಲಸ, ಒಂದೊಂದು ಕೊರಗು, ಒಂದೊಂದು ಕೆಟ್ಟ ಅಭ್ಯಾಸ ಕೊಡಿ. ಇಬ್ಬರೂ ಇಪ್ಪತ್ತೈದು ದಾಟಿದವರಾಗಿರಲಿ, ಸ್ವಂತ ಸಂಬಳ ಇರಲಿ. ಸಂಬಳ ಇದ್ದರೆ ಅರ್ಧ ಗೋಳು ಕಮ್ಮಿ. ಹಗುರ ಕಥೆಗೆ ಅದು ದೊಡ್ಡ ಉಪಕಾರ.

ನನ್ನ ಉದಾಹರಣೆಯಲ್ಲಿ ರೋಶನ್ ಹಲ್ಲಿನ ಲ್ಯಾಬಿನಲ್ಲಿ ಟೆಕ್ನಿಷಿಯನ್. ದಿನವಿಡೀ ಅಚ್ಚಿಗೆ ಪ್ಲಾಸ್ಟರ್ ಸುರಿದು ಬೇರೆಯವರ ದವಡೆ ಮಾಡುತ್ತಾನೆ. ಗಾಳಿಗುಳ್ಳೆ ಬರದ ಹಾಗೆ ಅಚ್ಚನ್ನು ಮೇಜಿಗೆ ಕುಟ್ಟುವುದು ಅವನ ಕೈಗೆ ಹತ್ತಿದ ಕೆಲಸ. ಅದೇ ಕೈ ಡಿಸೆಂಬರಿನಲ್ಲಿ ಚಾಕೊಲೇಟ್ ಸುರಿಯುತ್ತದೆ. ಚರ್ಚಿನವರು, ಲ್ಯಾಬಿನವರು, ಅಮ್ಮನ ಗೆಳತಿಯರು ಆರ್ಡರ್ ಕೊಡುತ್ತಾರೆ. ಇಲ್ಲ ಅನ್ನಲು ಅವನಿಗೆ ಬರುವುದಿಲ್ಲ. ಕೆಟ್ಟ ಅಭ್ಯಾಸ ಅದೇ.

ಸುಹಾಸ ಪುತ್ತೂರು ಕಡೆಯವನು, ಬ್ಯಾಂಕಿನಲ್ಲಿ ಕೆಲಸ, ರೋಶನ್ ಮನೆಯ ಎದುರಿನ ಕಟ್ಟಡದಲ್ಲಿ ಬಾಡಿಗೆಗೆ ಬಂದಿದ್ದಾನೆ. ಊರಲ್ಲಿ ಅಪ್ಪನ ಅಡಿಕೆ ತೋಟ, ಅಡಿಕೆಯ ನೆರಳಲ್ಲಿ ಕೊಕ್ಕೋ ಗಿಡ. ದಕ್ಷಿಣ ಕನ್ನಡದಲ್ಲಿ ಇದು ಮಾಮೂಲು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ ಪುತ್ತೂರಲ್ಲೇ 1986ರಿಂದ ಇದೆ. ಸುಹಾಸನಿಗೆ ಚಾಕೊಲೇಟ್ ಅಂದರೆ ಆಗುವುದಿಲ್ಲ. ಬಾಲ್ಯದ ರಜೆಯೆಲ್ಲ ಕಾಯಿ ಒಡೆದು ಬೀಜ ತೆಗೆಯುವುದರಲ್ಲೇ ಹೋಯಿತು. ಬೀಜದ ಸುತ್ತ ಇರುವ ಬಿಳಿ ತಿರುಳು ಚೀಪುವುದು ಇಷ್ಟ ಇತ್ತು, ನಿಜ. ಆದರೆ ಆಮೇಲೆ ಬೀಜ ಹುಳಿಯಲು ಇಟ್ಟಾಗ ಅಂಗಳವೆಲ್ಲ ಬರುವ ಆ ವಾಸನೆ ಅವನ ಮೂಗಿನಿಂದ ಇನ್ನೂ ಹೋಗಿಲ್ಲ.

ಒಬ್ಬನಿಗೆ ಚಾಕೊಲೇಟ್ ಹಬ್ಬ, ಇನ್ನೊಬ್ಬನಿಗೆ ತೋಟದ ಕೂಲಿ. ಇಬ್ಬರಿಗೂ ಒಂದೇ ವಸ್ತು ಬೇರೆ ಬೇರೆಯಾಗಿ ಕಂಡರೆ ಮಾತಿಗೆ ವಿಷಯ ಹುಡುಕಬೇಕಾಗಿಲ್ಲ.

ಊರಿನ ಸೆಕೆಯನ್ನೇ ಬಳಸಿ

ಕ್ರಿಸ್‌ಮಸ್ ಕಥೆ ಅಂದ ಕೂಡಲೇ ಹಿಮ, ಬೆಂಕಿಗೂಡು, ಉಣ್ಣೆಯ ಸ್ವೆಟರ್ ಬರೆಯುವವರಿದ್ದಾರೆ. ಮಂಗಳೂರಿನ ಡಿಸೆಂಬರಿನಲ್ಲಿ ಮಧ್ಯಾಹ್ನ 32, 33 ಡಿಗ್ರಿ ಇರುತ್ತದೆ, ಬೆವರು ಬೇರೆ. ಇದು ನಷ್ಟ ಅಲ್ಲ, ಲಾಭ. ಡಾರ್ಕ್ ಚಾಕೊಲೇಟನ್ನು ಅಚ್ಚಿಗೆ ಸುರಿಯುವಾಗ ಅದು 31, 32 ಡಿಗ್ರಿಯಲ್ಲಿರಬೇಕು. ಸುರಿದ ಮೇಲೆ ಗಟ್ಟಿಯಾಗಲು ಕೋಣೆ 20 ಡಿಗ್ರಿಯ ಆಸುಪಾಸು ತಂಪಾಗಿರಬೇಕು. ಹೊರಗೇ 32 ಇದ್ದರೆ ಅಚ್ಚಿನಲ್ಲಿ ಸಂಜೆವರೆಗೂ ಕೆಸರು.

ರೋಶನ್ ಮನೆಯಲ್ಲಿ ಎಸಿ ಇಲ್ಲ. ಸುಹಾಸನ ಬಾಡಿಗೆ ಕೋಣೆಯಲ್ಲಿ ಇದೆ. ಮೊದಲ ಭೇಟಿ ಸಿಕ್ಕಿತಲ್ಲ! ರಾತ್ರಿ ಒಂಬತ್ತಕ್ಕೆ ಗುರುತಿಲ್ಲದ ಒಬ್ಬ ಕೈಯಲ್ಲಿ ತಟ್ಟೆ ಹಿಡಿದುಕೊಂಡು ಬಾಗಿಲು ಬಡಿಯುತ್ತಾನೆ. "ಸಾರಿ ಮಾರ್ರೆ, ನಿಮ್ಮಲ್ಲಿ ಎಸಿ ಉಂಟಲ್ಲ? ಇದನ್ನು ಅರ್ಧ ಗಂಟೆ ಇಡಬಹುದಾ?" ಇದಕ್ಕೆ ಆಕಸ್ಮಿಕ ಡಿಕ್ಕಿ ಬೇಡ, ಕೆಳಗೆ ಬೀಳುವ ಪುಸ್ತಕ ಬೇಡ. ಹವಾಮಾನವೇ ಕೆಲಸ ಮಾಡಿಕೊಟ್ಟಿತು.

ಕ್ಯಾಲೆಂಡರನ್ನೂ ಬರೆದಿಟ್ಟುಕೊಳ್ಳಿ. ಡಿಸೆಂಬರ್ ಮೊದಲ ವಾರ ಮನೆಗಳ ಮುಂದೆ ನಕ್ಷತ್ರ ತೂಗುತ್ತದೆ. ಹಬ್ಬ ಹತ್ತಿರವಾದ ಹಾಗೆ ಕುಸ್ವಾರ್ ಶುರು, ಅಂದರೆ ಮಂಗಳೂರು ಕ್ಯಾಥೊಲಿಕರ ಕ್ರಿಸ್‌ಮಸ್ ತಿಂಡಿಗಳ ಸಾಲು. ಅದರಲ್ಲಿ ಕಿಡಿಯೊ, ನೆವ್ರಿ, ಗುಳಿಯೊ, ರೋಸ್ ಕುಕ್ಕಿ ಎಲ್ಲ ಇರುತ್ತದೆ. ಕಿಡಿಯೊ ಮಾಡುವಾಗ ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಮಾಡುತ್ತಾರೆ. ಮನೆಮಂದಿಯೆಲ್ಲ ಮೇಜಿನ ಸುತ್ತ ಕೂರಲೇಬೇಕಾದ ಕೆಲಸ ಅದು, ಹೊಸಬನನ್ನು ಅಮ್ಮನ ಕಣ್ಣೆದುರು ಕೂರಿಸಲು ನಿಮಗೆ ಅದಕ್ಕಿಂತ ಒಳ್ಳೆ ನೆಪ ಸಿಗುವುದಿಲ್ಲ. ಆಮೇಲೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವುದು, 24ರ ರಾತ್ರಿ ಪೂಜೆ, 25ಕ್ಕೆ ನೆರೆಮನೆಗಳಿಗೆ ತಟ್ಟೆ. ಕಥೆ ಮೂರು ವಾರದಲ್ಲಿ ಮುಗಿಯಲಿ. ಹಬ್ಬದ ಗಡುವು ಇದ್ದರೆ ಇಬ್ಬರೂ ಮನಸ್ಸಿನ ಮಾತನ್ನು ಮುಂದಿನ ತಿಂಗಳಿಗೆ ದೂಡುವ ಹಾಗಿಲ್ಲ.

ಬರೆಯುವ ಮೊದಲು ಒಮ್ಮೆ ಮಾಡಿ

ಚಾಕೊಲೇಟ್ ಮಾಡದೆ ಚಾಕೊಲೇಟ್ ಕಥೆ ಬರೆದವರ ಕಥೆ ಎರಡನೇ ಪ್ಯಾರಾದಲ್ಲೇ ಸಿಕ್ಕಿಬೀಳುತ್ತದೆ. "ಅವನು ಚಾಕೊಲೇಟ್ ಕರಗಿಸಿದ, ಸುವಾಸನೆ ಹರಡಿತು" ಅಂತ ಬರೆದು ಮುಂದೆ ಹೋಗುತ್ತಾರೆ. ಒಂದು ರಾತ್ರಿ ಖರ್ಚು ಮಾಡಿ. ವಿಧಾನ ಇಲ್ಲಿದೆ.

ಬೇಕರಿ ಸಾಮಾನಿನ ಅಂಗಡಿಗೆ ಹೋದರೆ ಎರಡು ಜಾತಿ ಸಿಗುತ್ತದೆ. ಒಂದು ಕಾಂಪೌಂಡ್, ಇನ್ನೊಂದು ಕೂವರ್ಚರ್. ಕಾಂಪೌಂಡಿನಲ್ಲಿ ಕೊಕ್ಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ಕರಗಿಸಿ, ಸುರಿದು, ಫ್ರಿಜ್ಜಿನಲ್ಲಿಟ್ಟರೆ ಮುಗಿಯಿತು. ಅಗ್ಗ, ಸುಲಭ, ಬಾಯಿಯಲ್ಲಿ ಸ್ವಲ್ಪ ಮೇಣ ಮೇಣ. ಕೂವರ್ಚರಿನಲ್ಲಿ ನಿಜವಾದ ಕೊಕ್ಕೋ ಬೆಣ್ಣೆ. ರುಚಿ ಬೇರೆಯೇ ಲೆವೆಲ್, ಆದರೆ ಹದ ಮಾಡದೆ ಬಿಡುವುದಿಲ್ಲ. ಕಥೆಗೆ ಕೂವರ್ಚರೇ ಬೇಕು. ಸುಲಭವಾಗಿ ಆಗುವ ಕೆಲಸಕ್ಕೆ ಎದುರುಮನೆಯವನ ಸಹಾಯ ಯಾಕೆ ಬೇಕು ಹೇಳಿ.

ಹದ ಯಾಕೆ ಬೇಕು ಅಂದರೆ, ಕೊಕ್ಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಅದರಲ್ಲಿ ಐದನೆಯ ಬಗೆ ಮಾತ್ರ ನಮಗೆ ಬೇಕಾದದ್ದು. ಹೊಳಪು, ಮುರಿದಾಗ ಟಕ್ ಅನ್ನುವ ಸದ್ದು, ಬೆರಳಿಗೆ ಬೇಗ ಅಂಟದ ಗುಣ, ಎಲ್ಲ ಅದರಿಂದಲೇ. ಬಿಸಿ, ತಂಪು, ಮತ್ತೆ ಸ್ವಲ್ಪ ಬಿಸಿ, ಈ ಮೂರು ಹಂತದಲ್ಲಿ ಆ ಹರಳನ್ನು ಬರಿಸುವುದೇ ಹದ.

400 ಗ್ರಾಂ ಡಾರ್ಕ್ ಕೂವರ್ಚರ್ ತೆಗೆದುಕೊಳ್ಳಿ. ಸಣ್ಣಗೆ ಕತ್ತರಿಸಿ. 100 ಗ್ರಾಂ ಬದಿಗಿಡಿ. ಒಂದು ಪಾತ್ರೆಯಲ್ಲಿ ಎರಡು ಬೆರಳು ನೀರು ಬಿಸಿ ಮಾಡಿ, ಒಲೆ ಆರಿಸಿ, ಅದರ ಮೇಲೆ ಒಣಗಿದ ಇನ್ನೊಂದು ಪಾತ್ರೆ ಇಟ್ಟು 300 ಗ್ರಾಂ ಹಾಕಿ. ಮೇಲಿನ ಪಾತ್ರೆಯ ತಳ ನೀರಿಗೆ ತಾಗಬಾರದು. ನಿಧಾನವಾಗಿ ಕೈಯಾಡಿಸಿ, 45 ರಿಂದ 50 ಡಿಗ್ರಿಯವರೆಗೆ ಬಿಸಿಯಾಗಲಿ. ಕೆಳಗಿಳಿಸಿ, ತಳದ ಹಬೆಯನ್ನು ಬಟ್ಟೆಯಿಂದ ಒರೆಸಿ. ಇದನ್ನು ಮರೆತರೆ ಒಂದು ಹನಿ ಜಾರಿ ಒಳಗೆ ಬಿದ್ದು ಇಡೀ ಚಾಕೊಲೇಟ್ ಮರಳು ಮರಳಾಗಿ ಗಂಟು ಕಟ್ಟುತ್ತದೆ. ಈಗ ಬದಿಗಿಟ್ಟ 100 ಗ್ರಾಂ ಚೂರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕೈಯಾಡಿಸುತ್ತಿರಿ. ಒಳ್ಳೆ ಹರಳಿನ ಬೀಜ ಆ ಚೂರುಗಳಲ್ಲಿರುತ್ತದೆ. 28 ಡಿಗ್ರಿಗೆ ಇಳಿಯಬೇಕು. ತಾಳ್ಮೆ ಪರೀಕ್ಷೆ ಇಲ್ಲೇ. ಇಳಿದ ಮೇಲೆ ಬಿಸಿನೀರಿನ ಪಾತ್ರೆಯ ಮೇಲೆ ಕೆಲವು ಸೆಕೆಂಡು ಹಿಡಿದು 31, 32ಕ್ಕೆ ಏರಿಸಿ. 33 ದಾಟಿದರೆ ಬೇಕಾದ ಹರಳೂ ಕರಗುತ್ತಾ ಹೋಗುತ್ತದೆ, ಮತ್ತೆ ಮೊದಲಿಂದ. ಹಾಲಿನ ಚಾಕೊಲೇಟಾದರೆ ಕೊನೆಯ ಅಂಕಿ 29, 30. ಬಿಳಿಯದಕ್ಕೆ 28, 29.

ಚಾಕುವಿನ ತುದಿಯನ್ನು ಅದ್ದಿ ತಂಪು ಕೋಣೆಯಲ್ಲಿ ಬದಿಗಿಡಿ. ಐದು ನಿಮಿಷದೊಳಗೆ ಹೊಳೆಯುತ್ತಾ ಗಟ್ಟಿಯಾದರೆ ಹದ ಬಂದಿದೆ. ಅಚ್ಚಿಗೆ ಸುರಿದು, ಮೇಜಿಗೆ ಕುಟ್ಟಿ ಗುಳ್ಳೆ ಹೊರಡಿಸಿ, ಎಸಿ ಕೋಣೆಯಲ್ಲಿ ಬಿಡಿ. ಹತ್ತು ಗ್ರಾಮಿನ ಅಚ್ಚಾದರೆ ಸುಮಾರು ನಲವತ್ತು ಬರುತ್ತದೆ. ಅದರಲ್ಲಿ ಎರಡೋ ಮೂರೋ ಮಾಡಿದವರ ಹೊಟ್ಟೆಗೆ, ಅದು ಎಲ್ಲ ಕಡೆಯ ನಿಯಮ.

ಒಳಗೆ ತುಂಬುವುದಕ್ಕೆ ಮೂರು ಸಾಕು. ಹುರಿದ ಗೋಡಂಬಿ. ಒಣ ತುರಿದ ಕೊಬ್ಬರಿ ಮತ್ತು ಏಲಕ್ಕಿ (ಹಸಿ ತೆಂಗಿನಕಾಯಿ ಬೇಡ, ನೀರಿನಂಶಕ್ಕೆ ಬೇಗ ಹಳಸುತ್ತದೆ). ಮತ್ತೆ ಟ್ರಫಲ್: 200 ಗ್ರಾಂ ಡಾರ್ಕ್ ಚಾಕೊಲೇಟ್ ಚೂರಿನ ಮೇಲೆ 100 ಗ್ರಾಂ ಬಿಸಿ ಕ್ರೀಮ್ ಸುರಿದು, ಕಲಕಿ, ತಣಿಸಿ, ಉಂಡೆ ಕಟ್ಟಿ ಕೊಕ್ಕೋ ಪುಡಿಯಲ್ಲಿ ಹೊರಳಿಸುವುದು. ಟ್ರಫಲ್ ಫ್ರಿಜ್ಜಿನಲ್ಲಿ ಸುಮಾರು ಒಂದು ವಾರ ಬಾಳುತ್ತದೆ. ಗೋಡಂಬಿಯದು ಅದಕ್ಕಿಂತ ತುಂಬಾ ಜಾಸ್ತಿ ದಿನ. ಕಥೆಯಲ್ಲಿ ಯಾವುದನ್ನು ಯಾವಾಗ ಕೊಡುತ್ತಾರೆ ಅನ್ನುವುದಕ್ಕೆ ಈ ಲೆಕ್ಕ ಬೇಕಾಗುತ್ತದೆ. ಡಿಸೆಂಬರ್ 5ಕ್ಕೆ ಕೊಟ್ಟ ಟ್ರಫಲನ್ನು 25ಕ್ಕೆ ಡಬ್ಬಿ ತೆರೆದು ತಿನ್ನಿಸಿದರೆ ನಾಯಕ ಆಸ್ಪತ್ರೆಗೆ ಹೋಗಬೇಕಾದೀತು.

ಒಂದು ಚಾಕೊಲೇಟಿಗೆ ಒಂದು ದೃಶ್ಯ

ಈಗ ಕಾಗದದ ಮೇಲೆ ಡಬ್ಬಿ ಬರೆಯಿರಿ. ಒಳಗೆ ಆರು ಗುಳಿ. ಪ್ರತಿ ಗುಳಿಗೆ ಒಂದು ಚಾಕೊಲೇಟ್, ಒಂದು ದೃಶ್ಯ, ಒಂದು ಬದಲಾವಣೆ. ಬದಲಾವಣೆ ಇಲ್ಲದ ಗುಳಿ ಖಾಲಿ ಅಂತಲೇ ಲೆಕ್ಕ.

ನನ್ನ ಡಬ್ಬಿ ಹೀಗಿದೆ. ಮೊದಲನೆಯದು ಹದ ಕೆಟ್ಟು ಬೂದು ಬಂದದ್ದು. ಎಸಿ ಬಾಡಿಗೆ ಅಂತ ರೋಶನ್ ಅದನ್ನೇ ಕೊಡುತ್ತಾನೆ, ಸುಹಾಸ ಬೇಡ ಅನ್ನುತ್ತಾನೆ, ರೋಶನ್‌ಗೆ ಬೇಜಾರು. ಎರಡನೆಯದು ಗೋಡಂಬಿ. ಸುಹಾಸ ತಿನ್ನುವುದಿಲ್ಲ, ಆಫೀಸಿಗೆ ಒಯ್ದು ಹಂಚುತ್ತಾನೆ, ಮರುದಿನ ಆರ್ಡರ್ ಹಿಡಿದುಕೊಂಡು ಬರುತ್ತಾನೆ. ಮೂರನೆಯದು ಕೊಬ್ಬರಿ ಏಲಕ್ಕಿ, ಸುಹಾಸ ಮೊದಲ ಸಲ ಬಾಯಿಗಿಟ್ಟದ್ದು, "ಇದು ಪರವಾಗಿಲ್ಲ" ಅಂದದ್ದು. ರೋಶನ್ ಆ ರಾತ್ರಿ ನಿದ್ದೆ ಮಾಡುವುದಿಲ್ಲ. ನಾಲ್ಕನೆಯದು ಥರ್ಮಾಮೀಟರ್ ಕೈಕೊಟ್ಟ ರಾತ್ರಿಯದು, ಅದನ್ನು ಆಮೇಲೆ ಹೇಳುತ್ತೇನೆ. ಐದನೆಯದು ಟ್ರಫಲ್, ರೋಶನ್ ಕೊಡಬೇಕು ಅಂತ ಮಾಡಿ ಕೊಡದೆ ಇಟ್ಟುಕೊಂಡದ್ದು. ಆರನೆಯದನ್ನು ಸುಹಾಸ ಮಾಡುತ್ತಾನೆ.

ಈ ಆರನೆಯದರ ಮೇಲೆ ಜಾಸ್ತಿ ಹೊತ್ತು ಕೂರಿ. ಕರ್ನಾಟಕದಲ್ಲಿ ಕೊಕ್ಕೋದ ಒಂದು ಕೊಯ್ಲು ಸೆಪ್ಟೆಂಬರಿನಿಂದ ಜನವರಿವರೆಗೆ. ಅಂದರೆ ಡಿಸೆಂಬರಿನಲ್ಲಿ ಸುಹಾಸ ಊರಿಗೆ ಹೋದರೆ ಅಂಗಳದಲ್ಲಿ ಒಣಗಿದ ಬೀಜ ಇರುತ್ತದೆ. ಒಂದು ಚೀಲ ಬೀಜ ತರುತ್ತಾನೆ. ಯಾರಿಗೂ ಹೇಳದೆ ಬಾಣಲೆಯಲ್ಲಿ ಹುರಿಯುತ್ತಾನೆ, ಸಿಪ್ಪೆ ಬಿಡಿಸುತ್ತಾನೆ, ಬೆಲ್ಲದ ಪುಡಿ ಸೇರಿಸಿ ಮಿಕ್ಸಿಯಲ್ಲಿ ರುಬ್ಬುತ್ತಾನೆ. ನಯವಾಗಬೇಕಾದರೆ ಕಲ್ಲಿನ ಯಂತ್ರದಲ್ಲಿ ಒಂದು ದಿನಕ್ಕಿಂತ ಜಾಸ್ತಿ ರುಬ್ಬಬೇಕು. ಮಿಕ್ಸಿಯಲ್ಲಿ ಬರುವುದು ತರಿ ತರಿ, ಕಹಿ, ಕೊಳಕು ಬಣ್ಣದ ಗಟ್ಟಿ. ಅದನ್ನು ಪೇಪರಿನಲ್ಲಿ ಸುತ್ತಿ ರೋಶನ್‌ಗೆ ಕೊಡುತ್ತಾನೆ. ಚಾಕೊಲೇಟ್ ಆಗುವುದಿಲ್ಲ ಅನ್ನುತ್ತಿದ್ದವನು ಇಡೀ ದಿನ ಅದರ ವಾಸನೆಯಲ್ಲಿ ಕೂತಿದ್ದ ಅಂತ ರೋಶನ್‌ಗೆ ಗೊತ್ತು. ಇದಾದ ಮೇಲೆ "ಐ ಲವ್ ಯೂ" ಬರೆಯುವ ಅಗತ್ಯ ಇದೆಯಾ? ನನಗೆ ಅನ್ನಿಸುವುದಿಲ್ಲ. ರೋಶನ್ ಕಡಿದು ನೋಡಿ, "ಇದು ಹಲ್ಲು ಮುರಿಯುತ್ತದೆ, ನನ್ನ ಲ್ಯಾಬಿಗೆ ಒಳ್ಳೆ ಬಿಸಿನೆಸ್" ಅನ್ನಲಿ.

ಮಾರ್ರೆಯಿಂದ ಮಾರಾಯನವರೆಗೆ

ಕನ್ನಡದಲ್ಲಿ ಪ್ರೇಮಕಥೆ ಬರೆಯುವವರಿಗೆ ಒಂದು ದೊಡ್ಡ ಸೌಲಭ್ಯ ಇದೆ. ನೀವು ಅನ್ನುತ್ತಿದ್ದವನು ನೀನು ಅಂದ ಕ್ಷಣವೇ ಒಂದು ಘಟನೆ. ಮಂಗಳೂರಿನಲ್ಲಿ ಇನ್ನೂ ಒಂದು ಮೆಟ್ಟಿಲು ಸಿಗುತ್ತದೆ: ಗೌರವಕ್ಕೆ ಮಾರ್ರೆ, ಸಲಿಗೆಗೆ ಮಾರಾಯ. ಮೊದಲ ಮೂರು ದೃಶ್ಯಗಳಲ್ಲಿ ಇಬ್ಬರೂ ನೀವು, ಮಾರ್ರೆ ಅಂತಲೇ ಇರಲಿ. ಯಾರು ಮೊದಲು ಜಾರುತ್ತಾರೆ ಅನ್ನೋದನ್ನು ನೀವು ನಿರ್ಧರಿಸಿ, ಒಂದೇ ಸಲ ಜಾರಿಸಿ. ಕಥೆಗಾರನಾಗಿ ನೀವು ಬಂದು "ಅವನು ನೀನು ಅಂದ" ಅಂತ ಬೆರಳು ತೋರಿಸಬೇಡಿ. ಓದುಗರ ಕಿವಿ ಚುರುಕಾಗಿದೆ.

ಸಂಭಾಷಣೆ ಆ ಊರಿನದ್ದೇ ಇರಲಿ, ಆದರೆ ಪ್ರತಿ ವಾಕ್ಯಕ್ಕೂ ಎಂತ, ಉಂಟು ತುರುಕಿದರೆ ಅದು ಮಿಮಿಕ್ರಿ. ರೋಶನ್ ಮನೆಯಲ್ಲಿ ಕೊಂಕಣಿ, ಸುಹಾಸನ ಮನೆಯಲ್ಲಿ ಬೇರೆ. ಇಬ್ಬರ ನಡುವೆ ಕನ್ನಡ ಯಾಕೆ ಅಂತ ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಸಾಕು. ಅಮ್ಮ ಅಡುಗೆಮನೆಯಿಂದ ಕೊಂಕಣಿಯಲ್ಲಿ ಏನೋ ಕೂಗಿದಾಗ ಸುಹಾಸನಿಗೆ ಅರ್ಥವಾಗದಿರುವುದು ಒಳ್ಳೆಯ ತಮಾಷೆ. ತನ್ನ ಹೆಸರು ಮಾತ್ರ ಕೇಳಿಸಿರುತ್ತದೆ.

ಈಗ ನಾಲ್ಕನೆಯ ಗುಳಿ. ಥರ್ಮಾಮೀಟರ್ ಇಲ್ಲದಾಗ ಚಾಕೊಲೇಟ್ ಮಾಡುವವರು ಒಂದು ಹಳೇ ಉಪಾಯ ಮಾಡುತ್ತಾರೆ. ಒಂದು ಚೂರು ಕೆಳತುಟಿಯ ಕೆಳಗೆ ತಾಗಿಸಿ ನೋಡುತ್ತಾರೆ. ಹದಕ್ಕೆ ಬಂದ ಚಾಕೊಲೇಟ್ ಚರ್ಮಕ್ಕಿಂತ ಸ್ವಲ್ಪ ತಣ್ಣಗೆ ಅನ್ನಿಸಬೇಕು. ಇಂಥ ಉಪಾಯ ಕೈಗೆ ಸಿಕ್ಕಿಯೂ ಬಳಸದವರು ಪ್ರೇಮಕಥೆ ಬರೆಯುವುದೇ ಬೇಡ. ಹೀಗೆ ಬರೆಯಬಹುದು:

ಥರ್ಮಾಮೀಟರಿನ ಕಣ್ಣು ಖಾಲಿ. ರೋಶನ್ ಅದನ್ನು ಎರಡು ಸಲ ಕೊಡವಿದ.

"ಸೆಲ್ ಹೋಯ್ತಾ?" ಸುಹಾಸ ಕೇಳಿದ.

"ಹೋಗಲಿ. ಬೇರೆ ದಾರಿ ಉಂಟು." ಸ್ಪ್ಯಾಚುಲಾದ ತುದಿಯಿಂದ ಒಂದು ಚೂರು ತೆಗೆದು ತುಟಿಯ ಕೆಳಗೆ ಹಚ್ಚಿಕೊಂಡ. ಕಣ್ಣು ಮುಚ್ಚಿದ. "ಅಯ್ಯೋ, ಗೊತ್ತಾಗ್ತಾ ಇಲ್ಲ. ಒಲೆ ಹತ್ತಿರ ನಿಂತು ನಿಂತು ಮುಖವೇ ಬಿಸಿ ಆಗಿದೆ. ನೀವು ನೋಡ್ತೀರಾ?"

"ನಾನು ಬರೀ ಚಾಕೊಲೇಟ್ ತಿನ್ನುವುದಿಲ್ಲ."

"ತಿನ್ನುವುದಲ್ಲ ಮಾರ್ರೆ. ಹಚ್ಚುವುದು."

ಸುಹಾಸ ಮುಖ ಮುಂದೆ ಮಾಡಿದ. ರೋಶನ್ ಬೆರಳು ಅರ್ಧ ದಾರಿಯಲ್ಲಿ ನಿಂತು, ಮತ್ತೆ ಹೊರಟು, ಹಚ್ಚಿತು. ಎಸಿ ಗೊರ್ ಅಂತ ಸದ್ದು ಮಾಡುತ್ತಿತ್ತು.

"ಹೇಗುಂಟು?"

"ತಣ್ಣಗಿದೆ."

"ಸ್ವಲ್ಪ ತಣ್ಣಗಾ, ತುಂಬಾ ತಣ್ಣಗಾ?"

"ನನಗೆ ಹೇಗೆ ಗೊತ್ತಾಗಬೇಕು? ನೀನೇ ಇನ್ನೊಮ್ಮೆ ಹಚ್ಚಿ ನೋಡು."

ಚಾಕೊಲೇಟ್ ಅಷ್ಟು ಹೊತ್ತಿಗೆ ಗಟ್ಟಿಯಾಗಲು ಶುರುವಾಗಿತ್ತು. ಇಬ್ಬರೂ ನೋಡಲಿಲ್ಲ.

ಇಲ್ಲಿ ಕಣ್ಣಿನ ಆಳ, ಎದೆಬಡಿತ, ಮಿಂಚು ಯಾವುದೂ ಇಲ್ಲ. ಬೆರಳು ಅರ್ಧ ದಾರಿಯಲ್ಲಿ ನಿಂತದ್ದು ಇದೆ. ಅಷ್ಟು ಸಾಕು.

ಅಡ್ಡಿ ಎಲ್ಲಿಂದ ತರುವುದು

ಅಡ್ಡಿ ಇಲ್ಲದೆ ಕಥೆ ಇಲ್ಲ. ಆದರೆ ಹಗುರ ಕಥೆಯ ಅಡ್ಡಿ ಇಬ್ಬರ ಸ್ವಭಾವದಿಂದ, ಚಾಕೊಲೇಟಿನ ಸ್ವಭಾವದಿಂದ ಬರಬೇಕು. ಬೇರೆ ಯಾರ ಜೊತೆಗೋ ನಗುತ್ತಿದ್ದುದನ್ನು ದೂರದಿಂದ ನೋಡಿ ತಪ್ಪು ತಿಳಿದುಕೊಳ್ಳುವುದು, ಮೊಬೈಲಿನ ಅರ್ಧ ಮೆಸೇಜು, ಇವು ಹಳಸಿವೆ. ರೋಶನ್‌ಗೆ ಇಲ್ಲ ಅನ್ನಲು ಬರುವುದಿಲ್ಲ ಅಂದೆವಲ್ಲ? ಅವನು ತನ್ನ ಕೈಮೀರಿ ಐದು ಕಿಲೋ ಆರ್ಡರ್ ಒಪ್ಪಿಕೊಳ್ಳಲಿ, 22ರ ರಾತ್ರಿ ಕರೆಂಟ್ ಹೋಗಲಿ. ಎಸಿ ಬಂದ್. ಅಚ್ಚುಗಳೆಲ್ಲ ಮೆತ್ತಗೆ. ಗಾಬರಿಯಲ್ಲಿ ರೋಶನ್ ಎಲ್ಲವನ್ನೂ ಫ್ರಿಜ್ಜಿಗೆ ತುರುಕುತ್ತಾನೆ. ಬೆಳಿಗ್ಗೆ ಹೊರತೆಗೆದಾಗ ಮೈಮೇಲೆ ನೀರು ಕೂತು, ಆರಿ, ಸಕ್ಕರೆಯ ಬಿಳಿ ಪುಡಿ ಬಂದಿರುತ್ತದೆ. ನಿಜಕ್ಕೂ ಹೀಗೇ ಆಗುತ್ತದೆ. ಸುಹಾಸ ಬ್ಯಾಂಕಿನವನ ಧಾಟಿಯಲ್ಲಿ ಲೆಕ್ಕ ಹೇಳುತ್ತಾನೆ, ಇಷ್ಟು ನಷ್ಟ, ಇಷ್ಟು ಒಪ್ಪಿಕೊಳ್ಳಬಾರದಿತ್ತು ಅಂತ. ಜಗಳ. ಸರಿಯಾದ ಜಗಳ, ಯಾಕೆಂದರೆ ಇಬ್ಬರದ್ದೂ ಸರಿ.

ಹಾಗಾದರೆ ಹೊರಗಿನ ಲೋಕ? ಅದು ಇಲ್ಲವೇ ಇಲ್ಲ ಅನ್ನುವ ಹಾಗೆ ಬರೆದರೆ ಕಥೆ ಸುಳ್ಳಾಗುತ್ತದೆ. ಒಂದು ಕಡೆ, ಒಂದೇ ಸಾಲಿನಲ್ಲಿ ಇರಲಿ. ರಾತ್ರಿ ಹನ್ನೊಂದಕ್ಕೆ ಮೆಟ್ಟಿಲಿಳಿಯುವ ರೋಶನ್‌ಗೆ ಮನೆ ಮಾಲೀಕರು ಎದುರಾಗುತ್ತಾರೆ. ಅವರು ಕೇಳದೇ ಇದ್ದರೂ ರೋಶನ್ ಕೈಯಲ್ಲಿದ್ದ ತಟ್ಟೆ ಎತ್ತಿ ತೋರಿಸಿ "ಚಾಕೊಲೇಟ್" ಅನ್ನುತ್ತಾನೆ. ಆ ಕೇಳದೇ ಹೇಳುವ ಅಭ್ಯಾಸ ಎಲ್ಲಿಂದ ಬಂತು ಅಂತ ಗೊತ್ತಿರುವವರಿಗೆ ಗೊತ್ತಾಗುತ್ತದೆ. ಮುಂದೆ ಹೋಗಿ.

ಅಮ್ಮನನ್ನು ಭಾಷಣ ಮಾಡಲು ಬಿಡಬೇಡಿ

ಮಗ ಸೋಫಾದಲ್ಲಿ ಕೂರಿಸಿ "ಅಮ್ಮಾ, ನಿನ್ನ ಹತ್ತಿರ ಒಂದು ವಿಷಯ ಹೇಳಬೇಕು" ಅನ್ನುವ ದೃಶ್ಯ ಬರೆದರೆ ಕಥೆಯ ತೂಕ ಅಲ್ಲೇ ಒಂದು ಟನ್ ಏರುತ್ತದೆ. ಅಮ್ಮ ಕೂಡಲೇ ಉದಾರವಾಗಿ ಎರಡು ಪ್ಯಾರಾ ಮಾತಾಡಿದರೆ ಇನ್ನೂ ಕಷ್ಟ. ನಮ್ಮ ಮನೆಗಳಲ್ಲಿ ದೊಡ್ಡ ವಿಷಯಗಳು ಹೆಚ್ಚಾಗಿ ಊಟ ತಿಂಡಿಯ ಮೂಲಕವೇ ಹೇಳಿ ಮುಗಿಯುತ್ತವೆ. ಕಿಡಿಯೊ ಒತ್ತುವ ಮೇಜಿನಲ್ಲಿ ಸುಹಾಸನನ್ನು ಕೂರಿಸಿ. ಅವನದು ಸೊಟ್ಟ ಸೊಟ್ಟ ಬರುತ್ತದೆ. ರೋಶನ್ ಅಮ್ಮ ಅದನ್ನು ಬೇರೆ ತಟ್ಟೆಗೆ ಹಾಕುತ್ತಾರೆ. ಕರಿದ ಮೇಲೆ ಆ ಸೊಟ್ಟದ್ದನ್ನೇ ತೆಗೆದಿಟ್ಟು, "ಇದು ನಮಗೆ ಇರಲಿ, ಹಂಚುವುದು ಬೇಡ" ಅಂತ ಡಬ್ಬಕ್ಕೆ ಸುರಿಯುತ್ತಾರೆ. ಕೊನೆಯ ದೃಶ್ಯದ ತಟ್ಟೆಗೆ ದಾರಿ ಇಲ್ಲೇ ಆಗಿಬಿಟ್ಟಿತು.

ಅವರಿಗೆ ಎಷ್ಟು ಗೊತ್ತು? ನೀವು ತಿಳಿದಿರಬೇಕು, ಬರೆಯಬೇಕಾಗಿಲ್ಲ.

ಸುಹಾಸನ ಅಪ್ಪನಿಗೂ ಒಂದು ಫೋನ್ ಕರೆ ಕೊಡಿ. ಬೀಜ ಯಾಕೆ ಬೇಕು ಅಂತ ಕೇಳುತ್ತಾರೆ, ಗೆಳೆಯ ಚಾಕೊಲೇಟ್ ಮಾಡುತ್ತಾನೆ ಅನ್ನುತ್ತಾನೆ. ಆಚೆಯಿಂದ ಸ್ವಲ್ಪ ಹೊತ್ತು ಬಿಟ್ಟು, "ಅಳಿಲು ಕಚ್ಚಿದ್ದು ಬಿಟ್ಟು ಒಳ್ಳೇದು ನೋಡಿ ತೆಗೆದುಕೊಂಡು ಹೋಗು" ಅನ್ನಲಿ.

ಎಷ್ಟು ಹತ್ತಿರ

ಸಿಹಿ ಕಥೆಗೆ ಒಂದು ಮುತ್ತು ಸಾಕು, ಅದು ತಡವಾಗಿ ಬರಲಿ. 24ರ ರಾತ್ರಿ ಪೂಜೆ ಮುಗಿದು ಊರೆಲ್ಲ ಹ್ಯಾಪಿ ಕ್ರಿಸ್‌ಮಸ್ ಅನ್ನುತ್ತಾ ಕೈ ಕುಲುಕುವಾಗ ಇವರಿಬ್ಬರೂ ಎಲ್ಲರ ಎದುರೇ ಕೈ ಕುಲುಕಬಹುದು, ಸ್ವಲ್ಪ ಜಾಸ್ತಿ ಹೊತ್ತು ಹಿಡಿದುಕೊಳ್ಳಬಹುದು. ಮುತ್ತು ಆಮೇಲೆ, ಎಸಿ ಕೋಣೆಯಲ್ಲಿ, ಆರನೆಯ ಚಾಕೊಲೇಟ್ ಅಗಿಯಲಾಗದೆ ಇಬ್ಬರೂ ನಕ್ಕ ಮೇಲೆ.

ಎರಡು ಬೇಡಗಳು. ಯಾರ ಮೈಬಣ್ಣವನ್ನೂ ಚಾಕೊಲೇಟಿಗೆ ಹೋಲಿಸಬೇಡಿ. ಇಬ್ಬರಲ್ಲಿ ಒಬ್ಬನನ್ನು ಹೆಂಗಸಿನ ಜಾಗದಲ್ಲಿ, ಇನ್ನೊಬ್ಬನನ್ನು ಗಂಡಸಿನ ಜಾಗದಲ್ಲಿ ನಿಲ್ಲಿಸಬೇಡಿ. ಅಡುಗೆ ಮಾಡುವವನು ಮೃದು, ಬ್ಯಾಂಕಿನವನು ಗಟ್ಟಿ ಅಂತ ಕೈ ಅಭ್ಯಾಸಬಲದಿಂದ ಬರೆಯುತ್ತದೆ. ರೋಶನ್ ಸಿಟ್ಟಿನವನಾಗಿರಲಿ, ಸುಹಾಸ ಸಿನಿಮಾ ನೋಡಿ ಅಳುವವನಾಗಿರಲಿ.

ತಿದ್ದುವಾಗ

ಮೂರರಿಂದ ಐದು ಸಾವಿರ ಪದ ಇಂಥ ಕಥೆಗೆ ಹಿತ. ಬರೆದ ಮೇಲೆ ಎರಡು ದಿನ ಬಿಟ್ಟು ಜೋರಾಗಿ ಓದಿ. ಸಿಹಿ, ಮಧುರ, ಕರಗು ಈ ಮೂರು ಪದಗಳನ್ನು ಹುಡುಕಿ, ಅಡುಗೆಯ ಅರ್ಥದಲ್ಲಿ ಇಲ್ಲದ್ದನ್ನೆಲ್ಲ ಹೊಡೆದುಹಾಕಿ. "ಅವನ ನಗುವಿಗೆ ಅವನು ಕರಗಿದ" ಅನ್ನುವಲ್ಲಿ ಯಾವ ಅವನು ಅಂತ ನಿಮಗೇ ಗೊಂದಲವಾಗುತ್ತದೆ. ಇಬ್ಬರೂ ಗಂಡಸರಾದಾಗ ಈ ತೊಂದರೆ ಇದ್ದದ್ದೇ. ಹೆಸರನ್ನು ಧಾರಾಳವಾಗಿ ಬಳಸಿ, ಅಥವಾ ಇಡೀ ಕಥೆಯನ್ನು ಒಬ್ಬನ ಬಾಯಲ್ಲಿ ನಾನು ಅಂತ ಹೇಳಿಸಿಬಿಡಿ. ಸುಹಾಸನ ಬಾಯಲ್ಲಿ ಹೇಳಿಸುವುದು ಮೇಲು, ಚಾಕೊಲೇಟ್ ಬೇಡ ಅನ್ನುವವನ ಕಣ್ಣಲ್ಲಿ ಚಾಕೊಲೇಟ್ ಮಾಡುವವನನ್ನು ನೋಡಿದರೆ ತಮಾಷೆ ಜಾಸ್ತಿ.

ತಾಂತ್ರಿಕ ವಿವರಗಳನ್ನೂ ಸೋಸಿ. ಹರಳು ಆರು ಬಗೆ ಅನ್ನೋದು ನಿಮಗೆ ಗೊತ್ತಿದ್ದರೆ ಸಾಕು, ರೋಶನ್ ಅದನ್ನು ಪಾಠ ಮಾಡಬೇಕಾಗಿಲ್ಲ. ಅವನು ತಟ್ಟೆಯನ್ನು ದೀಪಕ್ಕೆ ಹಿಡಿದು ಹೊಳಪು ನೋಡಿ ಶಿಳ್ಳೆ ಹಾಕಲಿ.

ಓದಿ ಹೇಳಲು ಇಬ್ಬರಿಗೆ ಕೊಡಿ. ಒಬ್ಬರು ಮಂಗಳೂರಿನವರು, ತಿಂಡಿಯ ಹೆಸರು, ಮಾತಿನ ಧಾಟಿ ನೋಡಲಿಕ್ಕೆ. ಇನ್ನೊಬ್ಬ ಗೇ ಗೆಳೆಯ. ನೀವೇ ಗೇ ಆಗಿದ್ದರೂ ಇನ್ನೊಬ್ಬ. ಅವರು ನಕ್ಕ ಜಾಗಗಳಿಗೆ ಕೈ ಹಾಕಬೇಡಿ. ಶೀರ್ಷಿಕೆಯನ್ನು ಎಲ್ಲ ಮುಗಿದ ಮೇಲೆ ಇಡಿ. ಅದರಲ್ಲಿ ಚಾಕೊಲೇಟ್ ಅನ್ನುವ ಪದ ಬರಲೇಬೇಕು ಅಂತೇನಿಲ್ಲ. ನನ್ನ ಉದಾಹರಣೆಗೆ ನಾನಾದರೆ "ಅರ್ಧ ಗಂಟೆ ಎಸಿ" ಅಂತ ಇಡುತ್ತಿದ್ದೆ.